ಬಸ್ ಬರ್ಲಿಲ್ಲ, ಬಸ್ ಬಂದಿಲ್ಲ, ಬಸ್ ಬರಂಗಿಲ್ಲ

ಮುಂಡರಗಿ ಬಸ್ ಸ್ಟ್ಯಾಂಡಿನಲ್ಲಿ ಕುಳಿತವರಿಗೆ ಈ ಮೂರು ಮಾತುಗಳ ಫರಕನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. 'ಶಿರಹಟ್ಟಿ ಬಸ್ ಬಂದಿಲ್ಲ' ಅಂದರೆ ಇನ್ನಷ್ಟು ಹೊತ್ತು ಕೂಡಬಹುದು, ಆಸೆ ಇದೆ. 'ಬರ್ಲಿಲ್ಲ' ಅಂದರೆ ಅದು ಮುಗಿದ ಮಾತು, ಮುಂಜಾನೆಯೋ ನಿನ್ನೆಯೋ ಆದದ್ದನ್ನು ಹೇಳುತ್ತಿದ್ದಾರೆ. 'ಬರಂಗಿಲ್ಲ' ಅಂದರೆ ಚೀಲ ಎತ್ತಿಕೊಂಡು ಟಂಟಂ ಹುಡುಕುವುದೇ ಸರಿ.

ಇದೇ ಸ್ಟ್ಯಾಂಡಿನಿಂದ ದಿನಾ ಸಾಲಿಗೆ ಹೋಗುವ ಹುಡುಗ ಇಂಗ್ಲಿಷ್ ಪರೀಕ್ಷೆಯಲ್ಲಿ 'ದ ಬಸ್ ಡಿಡ್ ನಾಟ್ ಕೇಮ್' ಎಂದು ಬರೆದು ಮಾರ್ಕು ಕಳೆದುಕೊಳ್ಳುತ್ತಾನೆ. 'ಡಿಡ್ ಬಂದ ಮ್ಯಾಲೆ ವಿ-ವನ್ ಹಾಕಬೇಕು, ವಿ-ಟೂ ಹಾಕಬಾರದು' ಎಂದು ಅಕ್ಕೋರು ಹೇಳಿಕೊಟ್ಟಿರುತ್ತಾರೆ. ಅವನೂ ಬಾಯಿಪಾಠ ಮಾಡಿರುತ್ತಾನೆ. ಆದರೂ ಬರೆಯುವಾಗ ಕೈ ತಪ್ಪುತ್ತದೆ. ಯಾಕೆಂದರೆ ಆ ನಿಯಮ ಅವನ ಪಾಲಿಗೆ ಎಲ್ಲಿಂದಲೋ ಬಂದಿಳಿದದ್ದು. ತನ್ನ ಬಾಯಿ ಅದೇ ನಿಯಮವನ್ನು ಹುಟ್ಟಿದಾಗಿನಿಂದ ಪಾಲಿಸುತ್ತಿದೆ ಎಂದು ಅವನಿಗೆ ಯಾರೂ ತೋರಿಸಿಲ್ಲ.

ತೋರಿಸುವುದು ಕಷ್ಟವೇನಲ್ಲ. 'ಬಸ್ ಬಂತು' ಎಂಬುದನ್ನು ಇಲ್ಲ ಎಂದು ಹೇಳಬೇಕಾದರೆ ಗದಗ ಸೀಮೆಯಲ್ಲಿ ಯಾರಾದರೂ 'ಬಂತಲಿಲ್ಲ' ಎನ್ನುತ್ತಾರೆಯೇ? ಮೂರು ವರ್ಷದ ಕೂಸೂ ಅನ್ನುವುದಿಲ್ಲ. 'ಬರ್ಲಿಲ್ಲ' ಎನ್ನುತ್ತದೆ. ಅಂದರೆ ಇಲ್ಲ ಎನ್ನುವ ಮಾತು ಬಂದ ಕೂಡಲೇ 'ಬಂತು' ಎಂಬ ಭೂತಕಾಲದ ರೂಪ ಜಾಗ ಬಿಟ್ಟು, 'ಬರು' ಎಂಬ ಮೂಲ ರೂಪ ವಾಪಸ್ ಬಂದು ಕೂರುತ್ತದೆ. ಆಗಿಹೋದದ್ದು ಎಂಬ ಅರ್ಥವನ್ನು ಹೊರುವ ಕೆಲಸ ಹಿಂದಿರುವ 'ಲಿಲ್ಲ'ಕ್ಕೆ ಹೋಗುತ್ತದೆ. ಇಂಗ್ಲಿಷಿನಲ್ಲೂ ನಡೆಯುವುದು ಇದೇ. 'ಕೇಮ್' ಎದ್ದು ಹೋಗಿ 'ಕಮ್' ಬರುತ್ತದೆ, ಕಾಲವನ್ನು 'ಡಿಡ್' ಹೊರುತ್ತದೆ. 'ಡಿಡ್ ನಾಟ್ ಕೇಮ್' ಎಂಬುದು ಕೇಳುವ ಕಿವಿಗೆ 'ಬಂತಲಿಲ್ಲ' ಎಂದಷ್ಟೇ ವಿಚಿತ್ರ ಎಂದು ಒಮ್ಮೆ ಹೇಳಿದರೆ ಸಾಕು, ಹುಡುಗ ನಕ್ಕುಬಿಡುತ್ತಾನೆ. ನಕ್ಕವನು ಮರೆಯುವುದು ಕಡಿಮೆ.

ಮೂರೂ ಮಾತುಗಳಿಗೆ ಇಂಗ್ಲಿಷಿನಲ್ಲಿ ನೇರ ಜೋಡಿಗಳಿವೆ. ಬರ್ಲಿಲ್ಲ: 'ಡಿಡಂಟ್ ಕಮ್'. ಬಂದಿಲ್ಲ: 'ಹ್ಯಾಸಂಟ್ ಕಮ್'. ಬರಂಗಿಲ್ಲ: ರೂಢಿಯ ಮಾತಾದರೆ 'ಡಸಂಟ್ ಕಮ್', ನಾಳೆಯ ಮಾತಾದರೆ 'ವೋಂಟ್ ಕಮ್'. ಪಠ್ಯಪುಸ್ತಕ ಇವನ್ನು ಮೂರು ಬೇರೆ ಬೇರೆ ಅಧ್ಯಾಯಗಳಲ್ಲಿ, ಬೇರೆ ಬೇರೆ ತಿಂಗಳಲ್ಲಿ ಕಲಿಸುತ್ತದೆ. ಪ್ರಶ್ನೆ ಕೇಳುವಾಗ ಮಾತ್ರ ಎರಡೂ ಭಾಷೆಗಳ ದಾರಿ ಕವಲೊಡೆಯುತ್ತದೆ. ನಾವು 'ಬಂತೇನು?' ಎಂದು ಬಾಲಕ್ಕೆ ಒಂದು 'ಏನು' ಅಂಟಿಸಿ ಮುಗಿಸುತ್ತೇವೆ. ಇಂಗ್ಲಿಷಿನವರು ಅಲ್ಲೂ 'ಡಿಡ್' ಅನ್ನೇ ಎಳೆದು ತಂದು ಮುಂದೆ ನಿಲ್ಲಿಸುತ್ತಾರೆ. ಆ ಒಂದನ್ನು ಹೊಸದಾಗಿ ಕಲಿಯಬೇಕು.

ನನ್ನ ವಾದ ಇಷ್ಟೇ: ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ಮಕ್ಕಳಿಗೆ ಇಂಗ್ಲಿಷ್ ಕ್ರಿಯಾಪದವನ್ನು ಪುಸ್ತಕದ ಕನ್ನಡದ ಮೂಲಕ ಕಲಿಸುವುದಕ್ಕಿಂತ ಅವರ ಬಾಯಿಯ ಕನ್ನಡದ ಮೂಲಕ ಕಲಿಸುವುದು ಲೇಸು. ಈ ಸೀಮೆಯ ಆಡುಮಾತಿನ ಕ್ರಿಯಾಪದ ಬಹಳ ಚುರುಕಾದದ್ದು. ಇಂಗ್ಲಿಷ್ ಎಲ್ಲೆಲ್ಲಿ ಗೆರೆ ಕೊಯ್ಯುತ್ತದೋ ಅಲ್ಲೆಲ್ಲ ಬಹುಮಟ್ಟಿಗೆ ಇದೂ ಗೆರೆ ಕೊಯ್ಯುತ್ತದೆ. ಎಲ್ಲಿ ಕೊಯ್ಯುವುದಿಲ್ಲವೋ ಅಲ್ಲೇ ತಪ್ಪುಗಳು ಹುಟ್ಟುತ್ತವೆ. ಆ ಜಾಗಗಳನ್ನು ಗುರುತಿಸಿ ಬೆರಳಿಟ್ಟು ತೋರಿಸಿದರೆ ಅರ್ಧ ವ್ಯಾಕರಣ ಮುಗಿದಂತೆ.

ಈಗ ನಡೆಯುತ್ತಿರುವುದೇನು? ಗೋಡೆಯ ಮೇಲೆ ಹನ್ನೆರಡು ಮನೆಗಳ ಕೋಷ್ಟಕ. ಮೂರು ಕಾಲ, ಪ್ರತಿ ಕಾಲಕ್ಕೂ ನಾಲ್ಕು ಬಗೆ. ಬಸ್ ಸ್ಟ್ಯಾಂಡಿನಲ್ಲಿ ಮಾರುವ ಸ್ಪೋಕನ್ ಇಂಗ್ಲಿಷ್ ಪುಸ್ತಕಗಳ ಹಿಂಬದಿಯಲ್ಲೂ ಅದೇ. ಈ ಬಗೆಯ ಪಾಠಕ್ಕೆ ದೇಶದ ತುಂಬ ದೊಡ್ಡ ಹೆಸರು ತಂದದ್ದು 1930ರ ದಶಕದಲ್ಲಿ ಬಂದ ರೆನ್ ಅಂಡ್ ಮಾರ್ಟಿನ್ ವ್ಯಾಕರಣ. ಪಿ.ಸಿ. ರೆನ್ ಮುಂಬಯಿ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿದ್ದವರು, 'ಬೋ ಜೆಸ್ಟ್' ಎಂಬ ಸಾಹಸ ಕಾದಂಬರಿಯಿಂದ ಹೊರಗಿನ ಜಗತ್ತಿಗೆ ಪರಿಚಿತರು. ಆಗ ಗದಗವೂ ಧಾರವಾಡ ಜಿಲ್ಲೆಯ ಭಾಗವಾಗಿ ಅದೇ ಪ್ರಾಂತ್ಯದಲ್ಲಿತ್ತು. ಪುಸ್ತಕ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಮೂರು ತಲೆಮಾರು ಅದನ್ನೇ ಓದಿ ಗುಮಾಸ್ತರಾದರು, ವಕೀಲರಾದರು. ಆದರೆ ಆಗ ಅದನ್ನು ಹಿಡಿಯುತ್ತಿದ್ದವರು ಪ್ರೌಢಶಾಲೆ ಮುಟ್ಟಿದ ಕೆಲವೇ ಹುಡುಗರು. 2007-08ರಿಂದ ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಯಿತು. ಆರು ವರ್ಷದ ಮಗುವಿಗೂ ಪದವಿ ಮುಗಿಸಿ ಸಂದರ್ಶನಕ್ಕೆ ಹೊರಟ ಯುವತಿಗೂ ಒಂದೇ ಕೋಷ್ಟಕವನ್ನು ಹಿಗ್ಗಿಸಿ ಕುಗ್ಗಿಸಿ ಕೊಡುತ್ತಿದ್ದೇವೆ.

ವಿನೋದವೆಂದರೆ ಆ ಹನ್ನೆರಡು ಮನೆಗಳನ್ನು ಭಾಷಾಶಾಸ್ತ್ರಜ್ಞರೇ ಒಪ್ಪುವುದಿಲ್ಲ. ರ‍್ಯಾಂಡಾಲ್ಫ್ ಕ್ವರ್ಕ್ ಮತ್ತು ಸಂಗಡಿಗರು 1985ರಲ್ಲಿ ಹೊರತಂದ ಬೃಹತ್ ವ್ಯಾಕರಣದ ಪ್ರಕಾರ ಇಂಗ್ಲಿಷ್ ಕ್ರಿಯಾಪದದ ರೂಪದಲ್ಲಿ ಕಾಣುವ ಕಾಲಗಳು ಎರಡೇ: ಆಗಿಹೋದದ್ದು ಮತ್ತು ಉಳಿದದ್ದು. ನಾಳೆಗೆಂದು ಬೇರೆ ಪ್ರತ್ಯಯವೇ ಇಲ್ಲ. 'ವಿಲ್' ಎಂಬುದು 'ಮೇ', 'ಕ್ಯಾನ್'ಗಳ ಜಾತಿಯ ಸಹಾಯಕ ಪದ. ಇತ್ತ ಡಿ.ಎನ್. ಶಂಕರ ಭಟ್ಟರು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ವಾದಿಸುತ್ತ, ನಮ್ಮಲ್ಲೂ ಇರುವುದು ಭೂತ ಮತ್ತು ಭೂತವಲ್ಲದ್ದು ಎಂಬ ಎರಡೇ ವಿಭಾಗ ಎಂದು ತೋರಿಸಿದರು. 'ದಿನಾ ಬರ್ತಾನ' ಎಂಬಲ್ಲೂ 'ನಾಳೆ ಬರ್ತಾನ' ಎಂಬಲ್ಲೂ ಇರುವುದು ಒಂದೇ 'ಬರ್ತಾನ'. ಸಂಸ್ಕೃತ, ಲ್ಯಾಟಿನ್‌ಗಳಿಂದ ಎರವಲು ತಂದ ಮೂರು ಕಾಲಗಳ ಅಂಗಿಯನ್ನು ಎರಡೂ ಭಾಷೆಗಳಿಗೆ ತೊಡಿಸಿ, ಬಳಿಕ ಒಂದರಿಂದ ಇನ್ನೊಂದಕ್ಕೆ ಅನುವಾದ ಮಾಡು ಎಂದು ಮಕ್ಕಳನ್ನು ಕೂರಿಸಿದ್ದೇವೆ.

ಆಡುಮಾತಿಗೆ ಬರೋಣ. 'ಬಂದಾನ' ಮತ್ತು 'ಬಂದಾನು'. ಮೈಸೂರು ಕಡೆಯವರ ಕಿವಿಗೆ ಎರಡೂ ಒಂದೇ ಅನ್ನಿಸಬಹುದು, ಗದಗದವರಿಗೆ ಅಲ್ಲ. 'ಅಣ್ಣ ಬಂದಾನ' ಅಂದರೆ ಬಂದು ಮನೆಯಲ್ಲಿದ್ದಾನೆ, ಬರವಣಿಗೆಯಲ್ಲಿ 'ಬಂದಿದ್ದಾನೆ' ಎನ್ನುವುದು. 'ತಡೀರಿ, ಬಂದಾನು' ಅಂದರೆ ಬರಬಹುದು, ಖಾತ್ರಿಯಿಲ್ಲ. ಮಳೆಗೂ ಹೀಗೆಯೇ. 'ಮಳಿ ಬಂದೈತಿ' ಅಂದರೆ ಕಣಕ್ಕೆ ಓಡಬೇಕು, 'ಮಳಿ ಬಂದೀತು' ಅಂದರೆ ತಾಡಪತ್ರಿ ತೆಗೆದಿಟ್ಟುಕೊಂಡರೆ ಸಾಕು. 'ಹ್ಯಾಸ್ ಕಮ್' ಮತ್ತು 'ಮೇ ಕಮ್' ಎಂದು ಇಂಗ್ಲಿಷ್ ಎರಡು ಪದ ಖರ್ಚು ಮಾಡಿ ಹೇಳುವುದನ್ನು ನಾವು ಪದದ ತುದಿಯ ಒಂದು ಸ್ವರದಲ್ಲಿ ಮುಗಿಸುತ್ತೇವೆ. ಇಷ್ಟು ನಯವಾದ ಕಿವಿಯಿರುವವರಿಗೆ ಪ್ರೆಸೆಂಟ್ ಪರ್ಫೆಕ್ಟ್ ಎಂಬ ಹೆಸರು ಕೇಳಿದರೇ ಎದೆ ಡವಗುಟ್ಟುವಂತೆ ಮಾಡಿದ್ದು ಹೆಸರಿನ ತಪ್ಪು, ವಿಷಯದ್ದಲ್ಲ. ಬಂದ: 'ಕೇಮ್'. ಬಂದಾನ: 'ಹ್ಯಾಸ್ ಕಮ್'. ಬರಾಕತ್ತಾನ: 'ಈಸ್ ಕಮಿಂಗ್'. ಬರಾಕತ್ತಿದ್ದ: 'ವಾಸ್ ಕಮಿಂಗ್'. ಬಂದಾನು: 'ಮೇ ಕಮ್'. ಬಂದಿರಬೇಕು: 'ಮಸ್ಟ್ ಹ್ಯಾವ್ ಕಮ್'. ಕೊನೆಯದನ್ನು ಇಂಗ್ಲಿಷ್ ಎಂ.ಎ. ಮಾಡಿದವರೂ ಬರೆಯುವಾಗ ತಡವರಿಸುತ್ತಾರೆ. ಬಾಗಿಲಲ್ಲಿ ಚಪ್ಪಲಿ ಕಂಡ ಅಜ್ಜಿ 'ಮೊಮ್ಮಗ ಬಂದಿರಬೇಕು' ಎಂದು ಯೋಚಿಸದೇ ಹೇಳುತ್ತಾಳೆ.

ಜೋಡಿ ಮುರಿಯುವ ಜಾಗಗಳೂ ಇವೆ. ಮೊದಲನೆಯದು 'ನಿನ್ನೆ'. 'ಅವ ನಿನ್ನೆ ಬಂದಾನ' ಎಂಬ ಮಾತು ನಮ್ಮಲ್ಲಿ ಪೂರಾ ಸರಿ. ನಿನ್ನೆ ಬಂದ, ಇನ್ನೂ ಇಲ್ಲೇ ಇದ್ದಾನೆ ಎಂಬ ಎರಡು ಸುದ್ದಿ ಒಂದರಲ್ಲೇ ಸಿಗುತ್ತದೆ. ಇಂಗ್ಲಿಷ್ ಇದಕ್ಕೆ ಒಪ್ಪುವುದಿಲ್ಲ. 'ಹ್ಯಾಸ್ ಕಮ್' ಎಂದಮೇಲೆ ನಿನ್ನೆ, ಮೊನ್ನೆ, ಹೋದ ವಾರ, ಆರು ಗಂಟೆಗೆ ಎಂಬ ಗಡಿಯಾರದ ಗುರುತುಗಳು ಬರಕೂಡದು. ಅವು ಬಂದರೆ 'ಕೇಮ್' ಎನ್ನಲೇಬೇಕು. 'ಹಿ ಹ್ಯಾಸ್ ಕಮ್ ಎಸ್ಟರ್ಡೇ' ಎಂಬ ವಾಕ್ಯ ಲಕ್ಷ್ಮೇಶ್ವರದ ಹುಡುಗನ ಬಾಯಿಂದ ಬರುವುದು ದಡ್ಡತನದಿಂದಲ್ಲ, ಅವನ ಕನ್ನಡ ಸರಿಯಿರುವುದರಿಂದ.

ಎರಡನೆಯದು 'ಹೋಗಿದ್ದೆ'. ನಿನ್ನೆ ಗದಗಕ್ಕೆ ಹೋಗಿ ಸಂಜೆ ಮರಳಿ ಬಂದವನು 'ನಿನ್ನೆ ಗದಗಕ್ಕ ಹೋಗಿದ್ದೆ' ಎನ್ನುತ್ತಾನೆ. ಹೋದದ್ದೂ ಆಯಿತು, ವಾಪಸ್ ಬಂದದ್ದೂ ಆಯಿತು ಎಂಬ ಭಾವ ಆ 'ಇದ್ದೆ'ಯಲ್ಲಿದೆ. ಅದನ್ನೇ ಅವನು 'ಎಸ್ಟರ್ಡೇ ಐ ಹ್ಯಾಡ್ ಗಾನ್ ಟು ಗದಗ' ಎಂದು ಮಾಡುತ್ತಾನೆ. ಕೇಳಿದ ಇಂಗ್ಲಿಷ್‌ನವನು ಮುಂದಿನ ವಾಕ್ಯಕ್ಕಾಗಿ ಕಾಯುತ್ತಾನೆ. ಏಕೆಂದರೆ ಅವನ ಭಾಷೆಯಲ್ಲಿ 'ಹ್ಯಾಡ್ ಗಾನ್' ಎಂಬುದು ಇನ್ನೊಂದು ಘಟನೆಗಿಂತ ಮೊದಲೇ ನಡೆದದ್ದನ್ನು ಹೇಳುವ ರೂಪ. 'ನಾ ಮುಟ್ಟೂದ್ರಾಗ ಬಸ್ ಹೋಗಿತ್ತು' ಎಂಬಂಥ ಜಾಗದಲ್ಲಿ ಮಾತ್ರ ಅದು ಸರಿ ಕೂರುತ್ತದೆ. ಬರಿದೇ ಊರಿಗೆ ಹೋಗಿಬಂದ ಸುದ್ದಿಗೆ 'ವೆಂಟ್' ಸಾಕು. ಭಾರತದ ಇಂಗ್ಲಿಷ್ ಪತ್ರಿಕೆಗಳಲ್ಲೂ ಈ ಹೆಚ್ಚುವರಿ 'ಹ್ಯಾಡ್' ಓಡಾಡಿಕೊಂಡಿರುತ್ತದೆ. ಹಾಗಾಗಿ ನಮ್ಮ ಹುಡುಗ ಒಬ್ಬನೇ ಅಪರಾಧಿಯಲ್ಲ.

ಮೂರನೆಯದು 'ಇಂದ'. 'ಹತ್ತು ವರ್ಷದಿಂದ ಬೆಟಗೇರ್ಯಾಗ ಅದೀನಿ.' ನಮಗೆ ಇದು ಇವತ್ತಿನ ಸಂಗತಿ, ಆದ್ದರಿಂದ ವರ್ತಮಾನ. ಇಂಗ್ಲಿಷಿಗೆ ಅದು ಹಿಂದೆ ಶುರುವಾಗಿ ಇಂದಿನವರೆಗೆ ಹರಿದು ಬಂದದ್ದು, ಆದ್ದರಿಂದ 'ಹ್ಯಾವ್ ಬೀನ್' ಬೇಕು. 'ಐ ಆಮ್ ಇನ್ ಬೆಟಗೇರಿ ಸಿನ್ಸ್ ಟೆನ್ ಇಯರ್ಸ್' ಎಂಬಲ್ಲಿ ಎರಡು ತಪ್ಪುಗಳಿವೆ. 'ಆಮ್' ಒಂದು, 'ಸಿನ್ಸ್' ಇನ್ನೊಂದು. ಶುರುವಾದ ಬಿಂದುವಿಗೆ 'ಸಿನ್ಸ್', ಅವಧಿಗೆ 'ಫಾರ್'. ಕನ್ನಡದಲ್ಲಿ 'ಸೋಮವಾರದಿಂದ', 'ಹತ್ತು ವರ್ಷದಿಂದ' ಎರಡಕ್ಕೂ ಒಂದೇ 'ಇಂದ' ಸಾಲುತ್ತದೆ. ಹೀಗಾಗಿ ಇದನ್ನು ಮಾತ್ರ ಬಾಯಿಪಾಠ ಮಾಡದೆ ಬೇರೆ ದಾರಿಯಿಲ್ಲ.

'ಐ ಆಮ್ ನೋಯಿಂಗ್', 'ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್' ಎಂಬ ತಪ್ಪುಗಳಿಗೆ ಮಾತ್ರ ನಮ್ಮ ಆಡುಮಾತು ಒಳ್ಳೆಯ ಮದ್ದು. 'ಆಕತ್ತ' ಹಚ್ಚಿ ನೋಡಿ. 'ನನಗ ಇಬ್ಬರು ಅಣ್ತಮ್ಮಾರು ಇರಾಕತ್ತಾರ' ಎಂದು ಯಾರಾದರೂ ಅಂದಾರೇ? 'ಅದಾರ' ಎನ್ನುತ್ತೇವೆ. 'ದಿನಾ ಸಾಲಿಗೆ ಹೋಗಾಕತ್ತೀನಿ' ಎನ್ನುವುದಿಲ್ಲ, 'ಹೋಗ್ತೀನಿ' ಎನ್ನುತ್ತೇವೆ. ಎಲ್ಲಿ 'ಆಕತ್ತ' ಕೂರುವುದಿಲ್ಲವೋ ಅಲ್ಲಿ 'ಇಂಗ್' ಹಾಕಬೇಡಿ, ಅಷ್ಟೇ. 'ಸದ್ಯಕ್ಕ ಬಟ್ಟಿ ಅಂಗಡ್ಯಾಗ ಕೆಲಸ ಮಾಡಾಕತ್ತೀನಿ' ಎಂಬಲ್ಲಿ ಕೂರುತ್ತದೆ, ಇಂಗ್ಲಿಷಿನಲ್ಲೂ 'ಐ ಆಮ್ ವರ್ಕಿಂಗ್' ಸರಿ. ಈ ಪರೀಕ್ಷೆ ನೂರಕ್ಕೆ ನೂರು ನಿಲ್ಲುವುದಿಲ್ಲ ಎಂಬುದೂ ನಿಜ. 'ನನಗ ಹಿಂಗ ಅನಸಾಕತ್ತೈತಿ' ಎಂದು ನಾವು ಹೇಳುವಲ್ಲಿ ಅವರು ಸುಮ್ಮನೆ 'ಐ ಥಿಂಕ್' ಎನ್ನುತ್ತಾರೆ. ಇನ್ನು 'ಲವ್' ಎಂಬುದಕ್ಕೆ 'ಇಂಗ್' ಹಚ್ಚಬಾರದೆಂದು ಮೇಷ್ಟ್ರು ಹೇಳಿದ್ದನ್ನು ಕೇಳಿದ ಮಕ್ಕಳು ಹುಬ್ಬಳ್ಳಿಯ ಬರ್ಗರ್ ಅಂಗಡಿಯಲ್ಲಿ 'ಐ ಆಮ್ ಲವಿನ್ ಇಟ್' ಎಂಬ ಫಲಕ ನೋಡಿ ಗೊಂದಲಕ್ಕೆ ಬಿದ್ದರೆ ಅವರದೇನು ತಪ್ಪು? ಮ್ಯಾಕ್‌ಡೊನಾಲ್ಡ್ಸ್ 2003ರಲ್ಲಿ ಈ ಘೋಷಣೆಯನ್ನು ಹೊರತಂದದ್ದೇ ಬೀದಿಯ ಮಾತಿನ ರುಚಿಗಾಗಿ. ನಿಯಮ ಮುರಿದದ್ದು ಕಿವಿಗೆ ತಟ್ಟಲಿ ಎಂದೇ ಅಂಥ ಜಾಹೀರಾತು ಬರೆಯುತ್ತಾರೆ.

ವಿ-ವನ್, ವಿ-ಟೂ, ವಿ-ತ್ರೀ ಪಟ್ಟಿಯ ಬಗ್ಗೆ ಒಂದು ಮಾತು. ಇಂಗ್ಲಿಷಿನಲ್ಲಿ ನಿಯಮ ಮೀರಿದ ಕ್ರಿಯಾಪದಗಳು ಸುಮಾರು ಇನ್ನೂರು. 'ಗೋ'ದಿಂದ 'ವೆಂಟ್' ಹೇಗೆ ಬಂತು ಎಂದು ಕೇಳಿದರೆ, ಬರಲೇ ಇಲ್ಲ ಎಂಬುದೇ ಉತ್ತರ. ಅದು 'ವೆಂಡ್' ಎಂಬ ಬೇರೆಯದೇ ಕ್ರಿಯಾಪದದ ಭೂತರೂಪ, ಹಳೆಯ ರೂಪ ಬಿದ್ದುಹೋದಮೇಲೆ ಆ ಜಾಗಕ್ಕೆ ಬಂದು ಕುಳಿತದ್ದು. ಇರು, ಮಾಡು, ಹೋಗು, ಹೇಳು, ನೋಡು ಎಂಬ ಅರ್ಥದವು ಸೇರಿದಂತೆ ಅತಿ ಹೆಚ್ಚು ಬಳಕೆಯಲ್ಲಿರುವ ಹತ್ತು ಇಂಗ್ಲಿಷ್ ಕ್ರಿಯಾಪದಗಳೂ ಹೀಗೆ ಅಡ್ಡಾದಿಡ್ಡಿಯವೇ. ದಿನಾ ಬಾಯಲ್ಲಿ ಆಡುವ ರೂಪ ಮರೆತುಹೋಗುವುದಿಲ್ಲ, ಆದ್ದರಿಂದ ಅದು ನಿಯಮಕ್ಕೆ ಬಗ್ಗುವುದೂ ಇಲ್ಲ. ನಮ್ಮಲ್ಲೂ ನೋಡಿ: ಬರು-ಬಂದ, ತರು-ತಂದ, ಕೊಡು-ಕೊಟ್ಟ, ನಗು-ನಕ್ಕ, ಅಳು-ಅತ್ತ, ಸಾಯು-ಸತ್ತ, ಬೀಳು-ಬಿದ್ದ, ನಿಲ್ಲು-ನಿಂತ, ಉಣ್ಣು-ಉಂಡ. ಇವನ್ನು ಪಟ್ಟಿ ಮಾಡಿ ಕಲಿತವರು ನಾವಲ್ಲ. ಕಲಿತವರು ಹೊರಗಿನವರು. ಬೆಟಗೇರಿಯಲ್ಲಿ ಹತ್ತೊಂಬತ್ತನೇ ಶತಮಾನದಲ್ಲೇ ನೆಲೆ ಹೂಡಿದ್ದ ಬಾಸೆಲ್ ಮಿಷನ್ನಿನವರು ಇಂಥ ರೂಪಗಳ ಮುಂದೆ ಬೆವರಿದವರೇ. ಅದೇ ಮಿಷನ್ನಿನ ಕಿಟೆಲ್ 1894ರ ನಿಘಂಟಿನ ಬಳಿಕ 1903ರಲ್ಲಿ ಕನ್ನಡ ವ್ಯಾಕರಣವನ್ನೂ ಹೊರತಂದರು. ಹಳೆಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಅದು ಒಳಗೊಂಡಿದೆ. ಅದಕ್ಕೂ ಆರು ಶತಮಾನ ಮೊದಲು ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಧಾತುಗಳ ಪಟ್ಟಿಯನ್ನೇ ಕೊಟ್ಟಿದ್ದ.

ಬರ್ತೀನಿ, ಬರ್ತಿ, ಬರ್ತಾನ, ಬರ್ತಾಳ, ಬರ್ತೈತಿ, ಬರ್ತಾರ, ಬರ್ತಾವ ಎಂದು ಏಳು ಬಾಲಗಳನ್ನು ನಿಭಾಯಿಸುವ ಮಗು ಇಂಗ್ಲಿಷಿನ ಒಂದೇ ಒಂದು 'ಎಸ್' ಮರೆತು 'ಹಿ ಗೋ' ಎನ್ನುವುದೇಕೆ? ನಮ್ಮ ಬಾಲಗಳಿಗೆ ಕೆಲಸವಿದೆ. ಕರ್ತೃವನ್ನು ಬಿಟ್ಟು ಬರಿ 'ಬರ್ತಾಳ' ಎಂದರೂ ಯಾರೆಂದು ತಿಳಿಯುತ್ತದೆ. ಇಂಗ್ಲಿಷಿನಲ್ಲಿ 'ಹಿ' ಎಂದು ಮೊದಲೇ ಹೇಳಿ ಆಗಿರುತ್ತದೆ, ಆಮೇಲೆ ಬರುವ 'ಎಸ್' ಹೊಸದೇನನ್ನೂ ಹೇಳುವುದಿಲ್ಲ. ಇಂಗ್ಲೆಂಡಿನಲ್ಲೇ ನಾರ್ಫೋಕ್ ಸೀಮೆಯ ಜನ ತಲೆತಲಾಂತರದಿಂದ 'ಹಿ ಗೋ' ಎನ್ನುತ್ತ ಬಂದಿದ್ದಾರೆ. ಅವರ ಮೇಷ್ಟ್ರುಗಳೂ ಕೆಂಪು ಗೆರೆ ಎಳೆಯುತ್ತಾರೆ.

ಇಲ್ಲಿಂದ ಬೀದಿಯ ಇಂಗ್ಲಿಷಿಗೆ ದಾರಿ. ಮೊಬೈಲಿನಲ್ಲಿ ಸಿನಿಮಾ, ರೀಲ್ಸ್ ನೋಡುವ ಹುಡುಗರ ಕಿವಿಗೆ ಬೀಳುವುದು ಪಠ್ಯದ ಇಂಗ್ಲಿಷ್ ಅಲ್ಲ. 'ಗೊನ್ನಾ', 'ವಾನ್ನಾ', 'ಗಾಟಾ', 'ಡನ್ನೋ', 'ಏಂಟ್', 'ಇನಿಟ್' ಇವೇ. ಇವನ್ನು ಕೆಟ್ಟ ಇಂಗ್ಲಿಷ್ ಎಂದು ಬೈದು ಬದಿಗಿಟ್ಟರೆ ಅವರಿಗೆ ಅರ್ಥವಾಗುವುದು ನಿಲ್ಲುತ್ತದೆಯೇ ಹೊರತು ಕೇಳುವುದು ನಿಲ್ಲುವುದಿಲ್ಲ. 'ಗೊನ್ನಾ' ಎಂಬುದು 'ಗೋಯಿಂಗ್ ಟು' ಸವೆದು ಆದದ್ದು. 'ಮಾಡಲಿಕ್ಕೆ ಹತ್ತೀನಿ' ಎಂಬುದು ಸವೆದು ಧಾರವಾಡದ ಓಣಿಗಳಲ್ಲಿ 'ಮಾಡ್ಲಿಕತ್ತೀನಿ', ನಮ್ಮ ಹಳ್ಳಿಗಳಲ್ಲಿ 'ಮಾಡಾಕತ್ತೀನಿ' ಆದಂತೆಯೇ. 'ಹತ್ತು' ಎಂಬ ಪೂರ್ಣ ಕ್ರಿಯಾಪದ ಅಲ್ಲಿ ಬರಿ ಒಂದು ಪ್ರತ್ಯಯವಾಗಿ ಇಳಿದಿದೆ. ಆದ್ದರಿಂದಲೇ 'ಗೊನ್ನಾ'ದ ಮುಂದೆ ಇನ್ನೊಂದು ಕ್ರಿಯಾಪದ ಇರಲೇಬೇಕು. 'ಐ ಆಮ್ ಗೊನ್ನಾ ಈಟ್' ಸರಿ. 'ಐ ಆಮ್ ಗೊನ್ನಾ ಹುಬ್ಬಳ್ಳಿ' ಎಂದರೆ ಅವರು ನಗುತ್ತಾರೆ. ಊರಿಗೆ ಹೊರಟಾಗ ಪೂರ್ತಿ 'ಗೋಯಿಂಗ್ ಟು' ಎನ್ನಬೇಕು.

'ಏಂಟ್' ನನಗೆ ಇನ್ನೂ ಪ್ರಿಯ. ನಮ್ಮ 'ಇಲ್ಲ' ಯಾರ ಮುಂದೆಯೂ ವೇಷ ಬದಲಿಸುವುದಿಲ್ಲ: ನಾ ಬಂದಿಲ್ಲ, ನೀ ಬಂದಿ‌ಲ್ಲ, ಅವ್ರು ಬಂದಿಲ್ಲ, ಬಸ್ಸೂ ಬಂದಿಲ್ಲ. ಶಿಷ್ಟ ಇಂಗ್ಲಿಷಿನಲ್ಲಿ 'ಆಮ್ ನಾಟ್', 'ಈಸಂಟ್', 'ಆರಂಟ್', 'ಹ್ಯಾಸಂಟ್', 'ಹ್ಯಾವಂಟ್' ಎಂದು ಐದು ಬಾಗಿಲು. 'ಏಂಟ್' ಐದೂ ಬಾಗಿಲನ್ನು ಒಂದೇ ಕೀಲಿಯಿಂದ ತೆಗೆಯುತ್ತದೆ. ಹದಿನೆಂಟನೇ ಶತಮಾನದಲ್ಲಿ ಇಂಗ್ಲೆಂಡಿನ ದೊಡ್ಡ ಮನೆತನದವರೂ ಇದನ್ನು ಆಡುತ್ತಿದ್ದರು. ಆಮೇಲೆ ಸಾಲಿಮಾಸ್ತರರ ಸಿಟ್ಟಿಗೆ ಗುರಿಯಾಗಿ ಮಾನ ಕಳೆದುಕೊಂಡಿತು. ಲಂಡನ್ನಿನ ಹುಡುಗರ 'ಇನಿಟ್' ಕೂಡ ನಮ್ಮ 'ಹೌದಿಲ್ಲೋ?' ಮಾಡುವ ಕೆಲಸವನ್ನೇ ಮಾಡುತ್ತದೆ. ವ್ಯಾಕರಣದ ಪ್ರಕಾರ 'ಡಿಡಂಟ್ ಯು?', 'ಕಾಂಟ್ ಶಿ?' ಎಂದು ಪ್ರತಿ ವಾಕ್ಯಕ್ಕೂ ಹೊಸ ಬಾಲ ಕಟ್ಟಬೇಕಾದಲ್ಲಿ ಅವರು ಎಲ್ಲಕ್ಕೂ 'ಇನಿಟ್' ಎಂದು ಮುಗಿಸುತ್ತಾರೆ. ನಮ್ಮವರು 'ಯು ಕೇಮ್ ಎಸ್ಟರ್ಡೇ, ಇಸಂಟ್ ಇಟ್?' ಎಂದಾಗ ನಗುತ್ತಿದ್ದ ದೇಶದಲ್ಲೇ ಈಗ ಅದು ಹರೆಯದವರ ಮಾತು.

ಯಾವುದು ಶಿಷ್ಟ, ಯಾವುದು ಅಲ್ಲ ಎಂಬುದು ಕಾಲ ಕಾಲಕ್ಕೆ ಊರು ಬದಲಿಸುತ್ತದೆ ಎಂಬುದಕ್ಕೆ ಲಕ್ಷ್ಮೇಶ್ವರದವರಷ್ಟು ದೊಡ್ಡ ಸಾಕ್ಷಿ ಬೇರೆ ಯಾರು? ಹಳೆಯ ಹೆಸರು ಪುಲಿಗೆರೆ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ನಾಡಿನ ಮಾತನ್ನೇ ಕನ್ನಡದ ತಿರುಳು ಎಂದು ಹೆಸರಿಸಿತು. 941ರಲ್ಲಿ ವಿಕ್ರಮಾರ್ಜುನ ವಿಜಯ ಮುಗಿಸಿದ ಪಂಪ ತನ್ನ ಕಾವ್ಯ ಪುಲಿಗೆರೆಯ ತಿರುಳ್ಗನ್ನಡದಲ್ಲಿದೆ ಎಂದು ಹೆಮ್ಮೆಯಿಂದ ಹೇಳಿಕೊಂಡ. ಇವತ್ತು ಅದೇ ಊರಿನ ಹುಡುಗಿ ಬೆಂಗಳೂರಿನ ಕಾಲೇಜಿನಲ್ಲಿ 'ಬಂದೀನಿ' ಎಂದರೆ ಪಕ್ಕದವರು ಕಿಸಕ್ಕೆನ್ನುತ್ತಾರೆ. ಕನ್ನಡದಲ್ಲೇ ನಾಚಿಕೆ ಹುಟ್ಟಿದವರಿಗೆ ಇಂಗ್ಲಿಷ್ ಬಾಯಿ ಬಿಡುವುದು ಎಲ್ಲಿಂದ ಬಂತು? ಇನ್ನು ಸೀಮೆಗೊಂದು ನುಡಿಯಿರುವುದರಿಂದ ಅವುಗಳ ದೋಷ ಎಣಿಸುತ್ತ ಕುಳಿತರೆ ಸಾವಿರ ನಾಲಗೆಯ ವಾಸುಕಿಗೂ ಬೇಸರ ಬಂದೀತು ಎಂದದ್ದೂ ಅದೇ ಕವಿರಾಜಮಾರ್ಗ.

ನಮ್ಮ ಬೀದಿಯಲ್ಲಿ ಓಡಾಡುವ ಇಂಗ್ಲಿಷ್ ಬೇರೆಯದೇ ಒಂದು ಶಿಸ್ತಿಗೆ ಒಳಪಟ್ಟಿದೆ. ಇಂಗ್ಲಿಷ್ ಕ್ರಿಯಾಪದ ಕನ್ನಡದ ಹೊಸ್ತಿಲು ದಾಟುವಾಗ ತನ್ನ ಕ್ರಿಯೆಯನ್ನು ಹೊರಗೇ ಬಿಟ್ಟು, ಬರಿ ಹೆಸರಾಗಿ ಒಳಗೆ ಬರುತ್ತದೆ. ಕಾಲ, ಲಿಂಗ, ವಚನಗಳನ್ನೆಲ್ಲ 'ಮಾಡು', 'ಆಗು'ಗಳೇ ನೋಡಿಕೊಳ್ಳುತ್ತವೆ. 'ಫೋನ್ ಕಟ್ ಮಾಡಿದ' ಅಂದರೆ ಜಗಳ, 'ಫೋನ್ ಕಟ್ ಆತು' ಅಂದರೆ ನೆಟ್‌ವರ್ಕಿನ ತಪ್ಪು. ಇಂಗ್ಲಿಷಿನ 'ಕಟ್' ತಾನಾಗಿ ಈ ಭೇದ ತೋರಿಸಲಾರದು. ಸಂಸ್ಕೃತದ ಧಾತುಗಳನ್ನು ನಾವು 'ಇಸು' ಹಚ್ಚಿ ಭಾವಿಸು, ಸ್ಮರಿಸು ಎಂದು ಒಳಗೆ ಕರೆದುಕೊಂಡೆವು. ಹಿಂದೂಸ್ತಾನಿ, ಮರಾಠಿಗಳಿಂದ ಬಂದದ್ದಕ್ಕೆ ಚಲಾಯಿಸು, ಜಮಾಯಿಸು, ಬದಲಾಯಿಸು ಎಂದು 'ಆಯಿಸು' ಹಚ್ಚಿದೆವು. ಸ್ವಾತಂತ್ರ್ಯ ಬರುವವರೆಗೂ ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿ ಇದ್ದವು. ಚಾಲೂ, ಬಂದ್‌ಗಳು ಇಲ್ಲಿ ಮನೆಮಾತಾದದ್ದರಲ್ಲಿ ಅಚ್ಚರಿಯಿಲ್ಲ. ಇಂಗ್ಲಿಷಿಗೆ ಮಾತ್ರ ಆ 'ಇಸು' ದೊರೆಯಲಿಲ್ಲ. 'ಟ್ರೈ ಮಾಡು' ಎನ್ನುತ್ತೇವೆ, 'ಟ್ರೈಯಿಸು' ಎನ್ನುವುದಿಲ್ಲ.

ತೊಂದರೆ ಬರುವುದು ವಾಪಸ್ ಹೋಗುವಾಗ. ನಾವು ದೀಪವನ್ನೂ ಟಿವಿಯನ್ನೂ ಫೋನನ್ನೂ ಒಂದೇ 'ಹಚ್ಚು' ಇಟ್ಟುಕೊಂಡು ನಡೆಸುತ್ತೇವೆ. ಇಂಗ್ಲಿಷಿನಲ್ಲಿ ದೀಪಕ್ಕೆ 'ಸ್ವಿಚ್ ಆನ್', ಫೋನಿಗೆ 'ಮೇಕ್ ಎ ಕಾಲ್'. ಫೋಟೋ 'ಹೊಡೆಯು'ವುದಿಲ್ಲ, 'ಟೇಕ್' ಮಾಡುತ್ತಾರೆ. ಊಟಕ್ಕೆ 'ಹ್ಯಾವ್', ಹೋಮ್‌ವರ್ಕಿಗೆ 'ಡೂ'. ಇದಕ್ಕೆ ಕಾರಣ ಹುಡುಕಬಾರದು. 'ಸ್ನಾನ ಮಾಡು' ಎನ್ನುವವರು 'ನಿದ್ದೆ ಹೋಗು' ಎನ್ನುವುದೇಕೆ ಎಂಬುದಕ್ಕೆ ಎಷ್ಟು ಉತ್ತರವಿದೆಯೋ ಅಷ್ಟೇ ಅಲ್ಲಿಯೂ. 'ಒಂದ್ ಕೆಲಸ ಮಾಡ್ರಿ' ಎಂಬುದು 'ಡೂ ಒನ್ ಥಿಂಗ್' ಆಗಿ ಭಾರತದ ತುಂಬ ಓಡುತ್ತಿದೆ, ಅದರಿಂದ ಯಾರಿಗೂ ಹಾನಿಯಿಲ್ಲ. ಆದರೆ 'ಐ ಪಾಸ್ಡ್ ಔಟ್ ಇನ್ ಕಾಲೇಜ್' ಎಂದು ವಿದೇಶಿ ಕಂಪನಿಯ ಸಂದರ್ಶನದಲ್ಲಿ ಹೇಳಿದರೆ ಎದುರಿಗಿದ್ದವರು ಕಾಲೇಜಿನಲ್ಲಿ ಮೂರ್ಛೆ ಹೋದಿರೆಂದು ತಿಳಿಯುವ ಅಪಾಯವಿದೆ. 'ಗ್ರ್ಯಾಜುಯೇಟೆಡ್' ಎನ್ನುವುದು ಕ್ಷೇಮ. 'ಗಿವ್ ಅಪ್', 'ಈಟ್ ಅಪ್', 'ಪುಟ್ ಆಫ್' ಮುಂತಾದ ಜೋಡಿಗಳು ನಮ್ಮ 'ಬಿಟ್‌ಬಿಡು', 'ತಿಂದ್‌ಬಿಡು', 'ಮುಂದ ಹಾಕು'ಗಳ ಕುಲದವು. ಪದ ಪದ ಬಿಡಿಸಿದರೆ ಅರ್ಥ ಕೈಗೆ ಹತ್ತುವುದಿಲ್ಲ.

ಕಲಿಯುವವರು ಹೆಚ್ಚು ಎಡವುವುದು 'ವುಡ್', 'ಕುಡ್'ಗಳಲ್ಲಿ. 'ವಿಲ್'ದ ಭೂತಕಾಲ 'ವುಡ್', 'ಕ್ಯಾನ್'ದ ಭೂತಕಾಲ 'ಕುಡ್' ಎಂದು ಕೋಷ್ಟಕ ಹೇಳುತ್ತದೆ. ಹಾಗಿದ್ದರೆ 'ಕುಡ್ ಯು ಹೆಲ್ಪ್ ಮಿ?' ಎಂದು ಈಗ ಬೇಕಾದ ಸಹಾಯಕ್ಕೆ ಯಾಕೆ ಕೇಳುತ್ತಾರೆ? ಬೆಟಗೇರಿಯ ಸೀರೆ ಅಂಗಡಿಗೆ ಹೋಗಿ ನೋಡಿ. ಮೆಟ್ಟಿಲು ಹತ್ತುತ್ತಲೇ 'ಬರ್ರಿ ಅಕ್ಕಾರ, ಏನ್ ಬೇಕಾಗಿತ್ರಿ?' ಎನ್ನುತ್ತಾರೆ. 'ಏನ್ ಬೇಕ್ರಿ?' ಎಂದರೆ ಒರಟಾಯಿತು. ಬೇಕಾಗಿದ್ದು ನಿನ್ನೆಯಲ್ಲ, ಈಗಲೇ. ಆದರೂ ಮಾತನ್ನು ಒಂದು ಹೆಜ್ಜೆ ಹಿಂದಕ್ಕೆ ಇಟ್ಟರೆ ಒತ್ತಾಯ ಕಡಿಮೆಯಾಗುತ್ತದೆ, ಗಿರಾಕಿಗೆ ಬೇಡ ಎನ್ನಲು ಜಾಗ ಸಿಗುತ್ತದೆ. 'ಸಾಹೇಬ್ರ, ಒಂದ್ ಮಾತು ಕೇಳಬೇಕಾಗಿತ್ರಿ' ಎಂದು ಬ್ಯಾಂಕಿನ ಕೌಂಟರಿನಲ್ಲಿ ಹೇಳುವವರು ಕೂಡ ಮಾಡುವುದು ಇದನ್ನೇ. 'ಐ ವಾಂಟೆಡ್ ಟು ಆಸ್ಕ್ ಸಮ್‌ಥಿಂಗ್' ಎಂಬುದು ಅಕ್ಷರಕ್ಕೆ ಅಕ್ಷರ ಅದೇ ಮಾತು. 'ಏನು ಬೇಕಾಗಿತ್ತು' ಎನ್ನುವ ಜಾಗದಲ್ಲೆಲ್ಲ 'ವುಡ್', 'ಕುಡ್' ಹಾಕಿ ನೋಡಿದರೆ ಬಹುತೇಕ ಸರಿಹೋಗುತ್ತದೆ. ನಮ್ಮ 'ರೀ' ಮಾತ್ರ ಇಂಗ್ಲಿಷ್ ಕ್ರಿಯಾಪದದಲ್ಲಿ ಎಲ್ಲಿ ಹುಡುಕಿದರೂ ಸಿಗದು. ಅದನ್ನು 'ಸರ್', 'ಮೇಡಂ' ಎಂದು ಹೊರಗಿನಿಂದಲೇ ಹಚ್ಚಿಕೊಳ್ಳಬೇಕು.